ವೈನಿಲ್ಲದೆಯೂ ವೈನಾಗಿತ್ತು

ಬಿಸಿ ಲೋಟವನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹಿಡಿಯುತ್ತಾರೆಂಬ ಮಹಾಸತ್ಯ ನನಗೆ ಗೋಚರಿಸಿದ್ದು ಬೋಧಿವೃಕ್ಷದ ಕೆಳಗಲ್ಲ, ಮಸ್ಕತ್ತಿನ ಸೀಬ್‌ನಲ್ಲಿ ನಮ್ಮ ಪಕ್ಕದ ಮನೆಯ ಅಂಗಳದ ಬೇವಿನ ಮರದ ಕೆಳಗೆ, ಡಿಸೆಂಬರಿನ ಒಂದು ಸಂಜೆ. ಮನೆಯೊಡತಿ ಹೆಲ್ಗಾ ಜರ್ಮನಿಯವರು. ಲೋಟವನ್ನು ಎರಡೂ ಅಂಗೈಗಳ ನಡುವೆ, ಗೂಡಿನಿಂದ ಬಿದ್ದ ಹಕ್ಕಿಮರಿಯನ್ನು ಎತ್ತಿಕೊಂಡಂತೆ ಹಿಡಿಯುತ್ತಾರೆ. ಅಂದಿನ ಅತಿಥಿಗಳು ಪೀಟರ್ ಮತ್ತು ಮಾರ್ಗರೆಟ್ ಎಂಬ ಇಂಗ್ಲಿಷ್ ದಂಪತಿ. ಹಿಡಿಕೆಯೊಳಗೆ ಬೆರಳು ತೂರಿಸಿ, ಲೋಟಕ್ಕೂ ತಮಗೂ ಹೆಚ್ಚಿನ ಪರಿಚಯವಿಲ್ಲವೆಂಬಂತೆ ಕೊಂಚ ದೂರದಲ್ಲಿ ಹಿಡಿಯುವವರು. ಸುವೈಕ್‌ನಲ್ಲಿ ಸಂಬಾರ ಪದಾರ್ಥದ ಅಂಗಡಿ ಇಟ್ಟು, ವಾರದ ಕೊನೆಗೆ ನಮ್ಮ ಬೀದಿಯ ತಮ್ಮ ಮನೆಗೆ ಬರುವ ಉಮ್ಮರ್ ಬ್ಯಾರಿಗಳು ಒಮಾನಿಗಳ ಕಾಫಿ ಕುಡಿದು ಕುಡಿದು, ಹಿಡಿಕೆಯಿಲ್ಲದ ಪುಟ್ಟ ಬಟ್ಟಲಿನ ಅಭ್ಯಾಸದಿಂದ, ಎಂಥ ಲೋಟವನ್ನೂ ಮೂರೇ ಬೆರಳಲ್ಲಿ ಹಿಡಿದು, ಸಾಕೆನಿಸಿದಾಗ ಬಾಯಿಬಿಡದೆ ಮಣಿಕಟ್ಟನ್ನು ಒಮ್ಮೆ ಅಲ್ಲಾಡಿಸುತ್ತಾರೆ. ಇಲ್ಲಿಯ ಸಂಪ್ರದಾಯದಲ್ಲಿ ಅದೇ ಪೂರ್ಣವಿರಾಮ. ಇನ್ನುಳಿದವರು ನಾನು, ನನ್ನ ಹೆಂಡತಿ ಸುಧಾ ಮತ್ತು ಚಳಿಗಾಲ ಕಳೆಯಲು ನಂಜನಗೂಡಿನ ಕಡೆಯಿಂದ ಬಂದಿದ್ದ ನನ್ನ ಸೋದರತ್ತೆ ನಂಜಮ್ಮನವರು. ನಾವು ಲೋಟದ ಅಂಚನ್ನು ಎರಡು ಬೆರಳಲ್ಲಿ ಕಚ್ಚಿ ಹಿಡಿದು, ತುಟಿಗೆ ತಾಗಿಸದೆ ಎತ್ತಿ ಸುರಿದುಕೊಳ್ಳುವ ಕುಲದವರು. ಲೋಟವನ್ನು ಎಂಜಲು ಮಾಡದೆ ಗಂಟಲನ್ನು ಮಾತ್ರ ಸುಟ್ಟುಕೊಳ್ಳುವ ಈ ವಿದ್ಯೆ ನಮಗೆ ವಂಶಪಾರಂಪರ್ಯವಾಗಿ ಬಂದದ್ದು.

ಅತ್ತೆಯ ವಿಷಯವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಆಗುವ ಅನಾಹುತಕ್ಕೆಲ್ಲ ಅವರ ನಾಲಿಗೆಯೇ ಕಾರಣ. ನನ್ನ ಬಾಲ್ಯದ ರಜೆಗಳೆಲ್ಲ ಅವರ ಅಡುಗೆಮನೆಯ ಹೊಸ್ತಿಲ ಮೇಲೆ ಕಳೆದವು. ನನ್ನ ಬಾಯಲ್ಲಿರುವ ಕನ್ನಡದ ಮುಕ್ಕಾಲು ಪಾಲು ಅವರದು, ಕಾಲು ಪಾಲು ಅವರ ಅತ್ತೆಯದು. ಶಾಲೆಯಿಂದ ಬಂದದ್ದೆಂದು ಧೈರ್ಯವಾಗಿ ಹೇಳಬಹುದಾದದ್ದು ಕಾಗುಣಿತದ ತಪ್ಪುಗಳು ಮಾತ್ರ. ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದ ಸುಧಾಳಿಗೆ ಅತ್ತೆಯ ಹತ್ತು ಮಾತಿನಲ್ಲಿ ಎರಡು ತಿಳಿಯುವುದಿಲ್ಲ. ತಿಳಿಯದ ಆ ಎರಡರಲ್ಲೇ ಸಾರವೆಲ್ಲ ಇರುತ್ತದೆಂಬುದು ನನ್ನ ಅನುಭವ. ಇದನ್ನು ಅವಳೆದುರು ಆಡಿ ನೋಡಿದ್ದೂ ನನ್ನ ಅನುಭವವೇ.

ಇನ್ನು ಅತಿಥಿಗಳು. ಹೆಲ್ಗಾ ಅವರ ಒಬ್ಬಳೇ ಮಗಳು ಆನಾ ಲಂಡನ್ನಿನಲ್ಲಿ ಕೆಲಸದಲ್ಲಿದ್ದಾಳೆ. ಪೀಟರ್-ಮಾರ್ಗರೆಟ್ ದಂಪತಿಯ ಮಗನನ್ನು ಮೆಚ್ಚಿಕೊಂಡಿದ್ದಳು. ಮದುವೆಯೆಂದು ತೀರ್ಮಾನವಾಗಿತ್ತು, ಹಿರಿಯರು ಮಾತ್ರ ಪರಸ್ಪರ ಮುಖ ನೋಡಿರಲಿಲ್ಲ. ಮಕ್ಕಳಿಗೆ ರಜೆ ಸಿಗಲಿಲ್ಲ. ಮಸ್ಕತ್ತಿನ ಬಿಸಿಲು ಕಾಯಿಸಿಕೊಳ್ಳುವ ನೆಪದಲ್ಲಿ ತಂದೆತಾಯಿಯರಿಬ್ಬರೇ ಬಂದಿದ್ದರು. ಅಂದರೆ, ಓದುಗ ಮಹಾಶಯರೇ, ಸೀದಾ ಕನ್ನಡದಲ್ಲಿ ಹೇಳುವುದಾದರೆ, ಬೀಗರು ಬಂದಿದ್ದರು! ಇಷ್ಟು ಹೇಳಿದೊಡನೆ ನಿಮ್ಮ ಬೆನ್ನಿನಲ್ಲಿ ಹಾದುಹೋದ ಸಣ್ಣ ನಡುಕವಿದೆಯಲ್ಲ, ಅದನ್ನು ಇಂಗ್ಲಿಷಿನಲ್ಲಿ ಹೇಳಲು ಸಾಧ್ಯವಿಲ್ಲ, ಆ ಭಾಷೆಯಲ್ಲಿ ಬೀಗರಿಗೊಂದು ಹೆಸರೇ ಇಲ್ಲ. ಜರ್ಮನಿನಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಇದ್ದರೂ ಯಾರೂ ಬಳಸುವುದಿಲ್ಲವಂತೆ. ಹೆಸರಿಲ್ಲದ ಮಾತ್ರಕ್ಕೆ ಭಯವಿಲ್ಲದೆ ಹೋಗುತ್ತದೆಯೆ? ಖುರುಮ್‌ನ ಹೋಟೆಲೊಂದರಲ್ಲಿ ಕೇಕು-ಬ್ರೆಡ್ಡುಗಳ ಉಸ್ತುವಾರಿ ನೋಡಿಕೊಳ್ಳುತ್ತ, ಹತ್ತಾರು ಅಡುಗೆಯವರನ್ನು ಇಂಗ್ಲಿಷಿನಲ್ಲೇ ನಿರರ್ಗಳವಾಗಿ ಗದರಿಸಬಲ್ಲ ಹೆಲ್ಗಾ, ಬೀಗರೆಂದೊಡನೆ ತೊದಲತೊಡಗಿದರು. ವಾರದ ಮುಂಚೆಯೇ ನಮ್ಮ ಮನೆಗೆ ಬಂದು, "ಶ್ರೀನಿ, ನನಗೆ ನಿಮ್ಮ ಬಾಯಿ ಬೇಕು" ಎಂದರು.

"ತೆಗೆದುಕೊಂಡು ಹೋಗಿ, ವಾಪಸು ಕೊಡದಿದ್ದರೂ ಚಿಂತೆಯಿಲ್ಲ" ಎಂದು ಸುಧಾ ಒಳಗಿನಿಂದಲೇ ಮಂಜೂರು ಮಾಡಿದಳು.

ಹೆಲ್ಗಾರಿಗೆ ಬೇಕಾಗಿದ್ದದ್ದು ಇಷ್ಟೇ. ಅವರ ಊರಿನಲ್ಲಿ ಕ್ರಿಸ್ಮಸ್ಸಿನ ಮುಂಚಿನ ವಾರಗಳಲ್ಲಿ ಹಿಮ ಬೀಳುವ ಚೌಕಗಳಲ್ಲಿ ಅಂಗಡಿ ಹಾಕಿ ಗ್ಲೂವೈನ್ ಎಂಬ ಬಿಸಿ ಪಾನೀಯ ಮಾರುತ್ತಾರೆ. ಕೆಂಪು ದ್ರಾಕ್ಷಾರಸಕ್ಕೆ ಚಕ್ಕೆ, ಲವಂಗ, ಚಕ್ರಮೊಗ್ಗು, ಕಿತ್ತಳೆ ಸಿಪ್ಪೆ ಹಾಕಿ ಬೆಚ್ಚಗೆ ಮಾಡಿದ್ದು. ಅವರ ತಂದೆ-ತಾಯಿ ಮೊದಲು ಭೇಟಿಯಾದದ್ದು ಅಂಥದೊಂದು ಅಂಗಡಿಯ ಮುಂದಂತೆ. ಆದ್ದರಿಂದ ಅದು ಅವರಿಗೆ ಪಾನೀಯವಲ್ಲ, ಕುಲದೇವರು. ಬೀಗರ ಮುಂದೆ ತಾವು ತೊದಲಿದರೂ ಇದನ್ನು ಕುಡಿದರೆ ತಾವು ಎಂಥ ಮನೆತನದವರೆಂದು ಅವರಿಗೆ ಅರ್ಥವಾಗುತ್ತದೆ, ನೀವು ಪಕ್ಕದಲ್ಲಿ ನಿಂತು ಅದರ ಹಿನ್ನೆಲೆ ವಿವರಿಸಿ ಎಂಬುದು ಅವರ ಬೇಡಿಕೆ. ನಾನು ಒಪ್ಪಿದೆ. ಕೇಳದಿದ್ದರೂ ವಿವರಿಸುವವನಿಗೆ ಕೇಳಿಕೊಂಡರೆ ಹೇಗಿರಬೇಡ! ಒಂದು ಕಾಲದಲ್ಲಿ ಜರ್ಮನ್ ಸಾಹೇಬರೊಬ್ಬರ ಕೈಕೆಳಗೆ ಕೆಲಸ ಮಾಡಿದ್ದರಿಂದ ಆ ಭಾಷೆಯಲ್ಲಿ 'ಶುಭೋದಯ' ಮತ್ತು 'ಇದು ಕೆಟ್ಟಿದೆ' ಎಂಬೆರಡು ವಾಕ್ಯಗಳು ನನಗೆ ಗಟ್ಟಿಯಾಗಿ ಬರುತ್ತಿದ್ದವು.

ಆದರೆ ಒಂದು ತೊಡಕು. ಈ ಮನೆಗೆ ಬಂದ ಎರಡನೆಯ ವರ್ಷದ ಲಾಗಾಯ್ತು ಹೆಲ್ಗಾ ಮಾಡುತ್ತ ಬಂದದ್ದು ವೈನಿಲ್ಲದ ಗ್ಲೂವೈನು. ಅವರ ಮನೆಯಲ್ಲಿ ಅವರು ಏನನ್ನಾದರೂ ಕುಡಿಯಬಹುದು, ಕೇಳುವವರಿಲ್ಲ. ಆದರೂ ಮೊದಲ ವರ್ಷ ಉಮ್ಮರ್ ಬ್ಯಾರಿಗಳು ಅಂಗಡಿಯಿಂದ ಒಳ್ಳೆಯ ಚಕ್ಕೆ-ಲವಂಗ ಆರಿಸಿ ತಂದುಕೊಟ್ಟು, ಕುಡಿಯದೆ ನಗುತ್ತ ನಿಂತಿದ್ದನ್ನು ನೋಡಿದ ಮೇಲೆ, ಮರುವರ್ಷದಿಂದ ಕಪ್ಪು ದ್ರಾಕ್ಷಿಯ ರಸಕ್ಕೆ ಜಬಲ್ ಅಖ್ದರ್ ಬೆಟ್ಟದ ದಾಳಿಂಬೆಯ ರಸ ಸೇರಿಸಿ ಮಾಡತೊಡಗಿದರು. "ಒಂದು ಹನಿ ಇಲ್ಲ" ಎಂದು ಬ್ಯಾರಿಗಳಿಗೆ ಮಾತು ಕೊಟ್ಟರು. ಅವರು ಮತ್ತೆಂದೂ ಕೇಳಲಿಲ್ಲ. ಈಗ ಬೀಗರಿಗೆ ಏನು ಕೊಡುವುದು? ಸುಧಾ ಸುಲಭದ ದಾರಿ ತೋರಿಸಿದಳು: ಎರಡು ಪಾತ್ರೆ ಇಡಿ, ಬೀಗರಿಗೆ ಅಸಲು, ನಮಗೆ ನಕಲು. ಹೆಲ್ಗಾ ಯೋಚಿಸಿ ಅಡ್ಡಡ್ಡ ತಲೆಯಾಡಿಸಿದರು. "ಎರಡು ಪಾತ್ರೆ ಇಟ್ಟರೆ ಎರಡು ಗುಂಪಾಗುತ್ತದೆ. ಬೇಡ." ನನಗೆ ಕೊಂಚ ನಾಚಿಕೆಯಾಯಿತು. ಪಂಕ್ತಿಭೇದವೆಂಬ ಸೊಗಸಾದ ಶಬ್ದ ನಮ್ಮಲ್ಲಿದೆ, ಅದನ್ನು ಸೊಗಸಾಗಿ ಆಚರಿಸಿಕೊಂಡೂ ಬಂದಿದ್ದೇವೆ. ಈಯಮ್ಮ ಶಬ್ದವೇ ಗೊತ್ತಿಲ್ಲದೆ ಅದನ್ನು ಅಂಗಳದಿಂದ ಆಚೆ ಗುಡಿಸಿಬಿಟ್ಟರು.

ಸಂಜೆ ಬಂತು. ಉಷ್ಣಾಂಶ ಇಪ್ಪತ್ತಕ್ಕಿಳಿದರೆ ಮಸ್ಕತ್ತಿನವರು ಹಿಮಾಲಯಕ್ಕೆ ಹೊರಟವರಂತೆ ಸ್ವೆಟರು ಏರಿಸುತ್ತಾರೆ, ನಾನೂ ಏರಿಸಿದ್ದೆ. ಪೀಟರ್ ಅರ್ಧತೋಳಿನ ಅಂಗಿಯಲ್ಲಿ ನಮ್ಮನ್ನೆಲ್ಲ ಮರುಕದಿಂದ ನೋಡುತ್ತಿದ್ದರು. ಮಾರ್ಗರೆಟ್ ಕುರ್ಚಿಯ ತುದಿಯಲ್ಲಿ ನೆಟ್ಟಗೆ ಕೂತು, ಕೇಳಿದ್ದಕ್ಕೆಲ್ಲ "ತುಂಬಾ ಚೆನ್ನಾಗಿದೆ" ಎಂಬ ಒಂದೇ ಉತ್ತರ ಕೊಡುತ್ತಿದ್ದರು. ಹೆಲ್ಗಾ ಅದಕ್ಕೆ ಪ್ರತಿಸಲವೂ "ಧನ್ಯವಾದ" ಎನ್ನುತ್ತಿದ್ದರು. ಅಂಚೆ ಕಚೇರಿಯ ಕಿಟಕಿಯ ಮುಂದಾದರೂ ಇದಕ್ಕಿಂತ ಹೆಚ್ಚಿನ ಆತ್ಮೀಯತೆ ಇರುತ್ತದೆ.

ಅಂಗಳದ ಮೂಲೆಯ ಒಲೆಯ ಬಳಿ ಮಾತ್ರ ಬೇರೆಯೇ ಯುದ್ಧ ನಡೆದಿತ್ತು. ಗ್ಲೂವೈನನ್ನು ಯಾವ ಕಾರಣಕ್ಕೂ ಕುದಿಸಬಾರದೆಂಬುದು ಹೆಲ್ಗಾರ ನಿಯಮ. ಕುದಿಯದೆ ಇಳಿಸಿದ್ದನ್ನು ಕುಡಿಯಬಾರದೆಂಬುದು ಅತ್ತೆಯ ನಿಯಮ. ನಮ್ಮ ಕಡೆ ಕಷಾಯವೆಂದರೆ ನಾಲ್ಕು ಪಾಲು ನೀರು ಒಂದು ಪಾಲಿಗೆ ಬತ್ತಬೇಕು, ಬೀದಿಯ ಕೊನೆಯವರೆಗೆ ಘಾಟು ಹೋಗಬೇಕು, ಕುಡಿಯುವವನ ಪೂರ್ವಜನ್ಮದ ಪಾಪ ಕಣ್ಣಿನಲ್ಲಿ ಇಳಿಯಬೇಕು. ಅತ್ತೆ ಉರಿ ದೊಡ್ಡದು ಮಾಡುವುದು, ಹೆಲ್ಗಾ ಓಡಿಬಂದು ಸಣ್ಣದು ಮಾಡುವುದು, ಹೀಗೆ ಎರಡು ಸುತ್ತಾಯಿತು.

"ಯಾಕಂತೋ ಕುದಿಸಬಾರದು, ಕೇಳು" ಎಂದರು ಅತ್ತೆ.

ಕೇಳಿದೆ. "ಕುದಿಸಿದರೆ ಅದರಲ್ಲಿರೋ ಮದ್ಯದ ಅಂಶ ಹಾರಿಹೋಗುತ್ತಂತೆ ಅತ್ತೆ."

"ಇದರಲ್ಲಿ ಅದು ಇಲ್ಲವೇ ಇಲ್ಲ ಅಂದೆಯಲ್ಲೋ ಶೀನ? ಇಲ್ಲದ್ದು ಹಾರಿ ಹೋಗೋದೆಲ್ಲಿಗೆ?"

ಇದನ್ನು ಇಂಗ್ಲಿಷಿಗೆ ತಿರುಗಿಸಿದೆ. ಹೆಲ್ಗಾ ಸೌಟು ಹಿಡಿದು ನಿಂತಲ್ಲೇ ನಿಂತರು. ಇಷ್ಟು ವರ್ಷ ತಾವು ಕಾವಲು ಕಾದದ್ದು ಖಾಲಿ ಖಜಾನೆಗೆ ಎಂಬುದು ಅವರಿಗೆ ಹೊಳೆದಿರಲಿಲ್ಲ. ಆಮೇಲೆ, "ನನ್ನ ಅಮ್ಮ ಕುದಿಸುತ್ತಿರಲಿಲ್ಲ" ಎಂದರು. ಅತ್ತೆ ಕೂಡಲೇ ಉರಿ ತಗ್ಗಿಸಿದರು. "ಹಾಗನ್ನು ಮತ್ತೆ. ಅದು ಕಾರಣ." ಎಂಥ ತರ್ಕಕ್ಕೂ ಬಗ್ಗದ ನಮ್ಮತ್ತೆ ಇನ್ನೊಬ್ಬರ ಅಮ್ಮನಿಗೆ ಮಾತ್ರ ಥಟ್ಟನೆ ಶರಣಾಗುತ್ತಾರೆ.

ಲೋಟಗಳು ತುಂಬಿದವು. ನನ್ನ ಸರದಿ ಬಂತು. ಒಂದು ವಾರ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ ಉಪನ್ಯಾಸವದು. ಹಿಮ, ದೀಪಗಳ ಸಾಲು, ಚೌಕ, ಹೆಲ್ಗಾರ ತಂದೆ-ತಾಯಿ ಎಲ್ಲ ಕ್ರಮವಾಗಿ ಬರುವಂತೆ ಹೊಂದಿಸಿದ್ದೆ. ಗಂಟಲು ಸರಿಮಾಡಿಕೊಂಡು, "ಜರ್ಮನಿಯ ಚಳಿಗಾಲದಲ್ಲಿ ಸಂಬಾರ ಹಾಕಿದ ಬಿಸಿ ದ್ರಾಕ್ಷಾರಸವೊಂದು..." ಎಂದು ಮೊದಲ ವಾಕ್ಯದ ನಡುವೆ ಇದ್ದೆ.

"ಓ, ಮಲ್ಡ್ ವೈನ್! ನಮ್ಮಲ್ಲೂ ಇದೆಯಲ್ಲ" ಎಂದರು ಪೀಟರ್.

ಸ್ವಾಮೀ, ನಿಮ್ಮ ಮನೆಯ ತಿಳಿಸಾರನ್ನು ಬಡಿಸಿದಾಗ ಎಲೆಯ ಮುಂದೆ ಕೂತವರು 'ಓ, ರಸಂ!' ಎಂದುಬಿಟ್ಟರೆ ಮನೆಯಾಕೆಯ ಮುಖ ಹೇಗಾಗುತ್ತದೆ? ಹೆಲ್ಗಾರ ಮುಖ ಹಾಗಾಯಿತು. "ಇಲ್ಲ. ಅದು ಬೇರೆ. ಇದು ಬೇರೆ" ಎಂದರು, ಅಡುಗೆಯವರನ್ನು ಗದರಿಸುವ ದನಿಯಲ್ಲಿ. ಮಾರ್ಗರೆಟ್ ಕುರ್ಚಿಯ ತುದಿಯಿಂದ ಇನ್ನೂ ತುದಿಗೆ ಸರಿದರು. ಬಿರುಕು ಮುಚ್ಚುವುದು ನನ್ನ ಧರ್ಮವಲ್ಲವೆ? ವ್ಯುತ್ಪತ್ತಿಗೆ ಕೈಹಾಕಿದೆ. ಹೆಸರಿನ ಮೊದಲ ತುಂಡಿನ ಅರ್ಥ ಕೆಂಡದಂತೆ ಹೊಳೆಯುವುದು. ಕನ್ನಡದಲ್ಲಾದರೆ 'ನಿಗಿನಿಗಿ' ಎಂದು ನಾಲ್ಕಕ್ಷರದಲ್ಲಿ ಮುಗಿದುಹೋಗುತ್ತಿತ್ತು. ಅಷ್ಟು ಒಳ್ಳೆಯ ಅನುವಾದ ಸಿಕ್ಕಿದ ಸಂಭ್ರಮದಲ್ಲಿ, ಕೇಳುವವರಿಗೆ ಕನ್ನಡ ಬಾರದೆಂಬುದೇ ಮರೆತು "ನಿಗಿನಿಗಿ, ನಿಗಿನಿಗಿ" ಎಂದು ಎರಡು ಸಲ ಹೇಳಿದೆ. ಬಳಿಕ ಎಚ್ಚೆತ್ತು, "ಗ್ಲೂ ಎಂದರೆ..." ಎಂದು ಶುರುಮಾಡಿದೆ.

"ಗ್ಲೂ? ಅಂಟೆ?" ಎಂದರು ಪೀಟರ್, ಲೋಟದೊಳಗೆ ಇಣುಕಿ.

ಅಲ್ಲಿಗೆ ಹೆಲ್ಗಾರ ಕುಲದೇವರು ಅಂಟಿನ ಡಬ್ಬಿಯಾಯಿತು. ನಾನು ಬೆವರತೊಡಗಿದೆ, ಸ್ವೆಟರು ಕಾರಣವೆಂದು ಜನ ತಿಳಿದರೆ ಸಾಕೆಂದು ಪ್ರಾರ್ಥಿಸಿದೆ. ಪೀಟರ್ ಸಜ್ಜನರು, ಒಂದು ಗುಟುಕು ಕುಡಿದು, "ಬಹಳ ರುಚಿಯಾಗಿದೆ" ಎಂದರು. ಇನ್ನೊಂದು ಗುಟುಕು ಕುಡಿದು ಕಣ್ಣು ಮಿಟುಕಿಸಿ, "ಆದರೆ ವೈನು ಎಲ್ಲಿ?" ಎಂದರು. ತಮಾಷೆಗೇ ಅಂದದ್ದು. ಆದರೆ ಬೀಗರ ತಮಾಷೆ ತಮಾಷೆಯೆಂದು ತಿಳಿಯಲು ಮದುವೆಯಾಗಿ ಹತ್ತು ವರ್ಷ ಕಳೆಯಬೇಕು. ಅತಿಥಿಗಳಿಗೆ ಕೈಬಿಗಿ ಮಾಡಿದೆನೆಂದು ತಿಳಿದರೋ ಏನೋ ಎಂದು ಹೆಲ್ಗಾರ ಕಿವಿಗಳು ಕೆಂಪಗಾದವು. ಒಂದೇ ಪಾತ್ರೆಯ ಕಾರಣವನ್ನು ನೀವೇ ಹೇಳಿ ಎಂಬಂತೆ ನನ್ನನ್ನು ನೋಡಿದರು.

ನಾನು ವಾಕ್ಯ ಕಟ್ಟುತ್ತಿರುವಷ್ಟರಲ್ಲಿ, ತಮ್ಮ ಲೋಟವನ್ನು ಎತ್ತಿ ಸುರಿದುಕೊಂಡು ಮುಗಿಸಿದ್ದ ಅತ್ತೆ, ಸೆರಗಿನಿಂದ ತುಟಿ ಒರೆಸಿಕೊಂಡು, ಬೀದಿಗೆಲ್ಲ ಕೇಳುವಂತೆ ತೀರ್ಪು ಕೊಟ್ಟರು:

"ಶೀನ, ಆಯಮ್ಮನಿಗೆ ಹೇಳೋ. ವೈನಾಗಿದೆ! ಬಲು ವೈನಾಗಿದೆ!"

ಪೀಟರ್ ಎದ್ದೇ ನಿಂತರು. "ವೈನ್! ಕೇಳಿದಿರಾ? ಅಮ್ಮನವರ ಲೋಟದಲ್ಲಿ ಇದೆಯಂತೆ! ನಮಗೆ ಮಾತ್ರ ಇಲ್ಲ!"

ಹೆಲ್ಗಾ ಯಾವುದನ್ನು ತಪ್ಪಿಸಲು ಒಂದೇ ಪಾತ್ರೆ ಇಟ್ಟಿದ್ದರೋ ಅದೇ ಅವರ ಅಂಗಳದಲ್ಲಿ ಬಂದು ನಿಂತಿತ್ತು. ಅದೂ ಸಾಲದೆಂಬಂತೆ, ನಮಾಜು ಮುಗಿಸಿ ಆಗಷ್ಟೇ ಗೇಟು ದಾಟಿ ಬಂದು, ತಮ್ಮ ಲೋಟ ಎತ್ತಿಕೊಂಡು ತುಟಿಯ ಹತ್ತಿರ ತಂದಿದ್ದ ಉಮ್ಮರ್ ಬ್ಯಾರಿಗಳು ಅಲ್ಲಿಯೇ ಕೈ ತಡೆದರು. ಮಣಿಕಟ್ಟನ್ನು ಒಮ್ಮೆ ಅಲ್ಲಾಡಿಸಿ, ಒಂದು ಗುಟುಕೂ ಕುಡಿಯದ ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಹೆಲ್ಗಾ ಅದನ್ನು ನೋಡಿದರು. ಅವರ ಮುಖದ ಬಣ್ಣ ಇಳಿದುಹೋದದ್ದು ಬೀಗರ ಮಾತಿಗಿಂತ ಆ ಲೋಟ ಮೇಜಿಗೆ ತಾಗಿದ ಸದ್ದಿಗೆ.

"ಏನಾಯಿತೋ? ನಾನೇನು ಅಂದೆ?" ಎಂದರು ಅತ್ತೆ. ಸುಧಾ ಕೂಡ ನನ್ನ ಕಿವಿಯಲ್ಲಿ, "ಅತ್ತೆಗೆ ವೈನಿನ ರುಚಿ ಹೇಗ್ರೀ ಗೊತ್ತು?" ಎಂದಳು.

ಆಗ ನನ್ನ ತಲೆಯೊಳಗೆ ದೀಪ ಹತ್ತಿತು. ನಮ್ಮ ಸೀಮೆಯ ಹಳಬರ ಬಾಯಲ್ಲಿ 'ವೈನ' ಎಂದರೆ ಒಪ್ಪ, ಓರಣ, ಚೆನ್ನು. ಮಗು ವೈನಾಗಿ ಊಟ ಮಾಡುತ್ತದೆ, ಸೊಸೆ ವೈನಾಗಿ ಮಾತಾಡುತ್ತಾಳೆ, ಹೂವು ಕಟ್ಟಿದ್ದು ವೈನಾಗಿದೆ. ಹೆಂಡವನ್ನು ಜನ್ಮದಲ್ಲಿ ಮೂಸಿ ನೋಡದ ಎಷ್ಟೋ ಮಡಿಹೆಂಗಸರು ದಿನಕ್ಕೆ ಹತ್ತು ಸಲ ವೈನೆನ್ನುತ್ತಲೇ ವೈಕುಂಠ ಸೇರಿದ್ದಾರೆ. ಇದನ್ನು ಮೊದಲು ಬ್ಯಾರಿಗಳಿಗೆ ಕನ್ನಡದಲ್ಲಿ ಹೇಳಿದೆ.

"ಹೌದಾ ಮಾರಾಯ್ರೇ?" ಎಂದು ಅವರು ಅತ್ತೆಯನ್ನೇ ನೋಡಿದರು. "ನಮ್ಮ ಕರಾವಳಿಯಲ್ಲಿ ಆ ಶಬ್ದವೇ ಇಲ್ಲ. ನಾನು ಎಂತದೋ ಗ್ರಹಿಸಿದೆ. ಅಲ್ಲ ಅಮ್ಮಾ, ನೀವು ಒಳ್ಳೇದು ಉಂಟು ಅಂತ ಹೇಳ್ಲಿಕ್ಕೆ ಇಷ್ಟು ಹೆದರಿಸ್ಬೇಕಾ?"

"ಒಳ್ಳೆಯದನ್ನ ವೈನ ಅನ್ನದೆ ಇನ್ನೇನಪ್ಪ ಅನ್ನಲಿ?"

ಬ್ಯಾರಿಗಳು ಹೆಲ್ಗಾರ ಕಡೆ ತಿರುಗಿ, ತಮ್ಮ ಅಂಗಡಿಯ ಇಂಗ್ಲಿಷಿನಲ್ಲಿ, "ಮೇಡಂ, ನನ್ನದು ತಪ್ಪು. ನಿಮ್ಮ ಮನೆಯಲ್ಲಿ ನಾನು ಲೋಟ ಕೆಳಗಿಡಬಾರದಿತ್ತು" ಎಂದು, ಅದನ್ನೆತ್ತಿ ಒಂದೇ ಉಸಿರಿಗೆ ಕುಡಿದು, ಮತ್ತೆ ತುಂಬಿಸಲು ಚಾಚಿದರು. ಹೆಲ್ಗಾ ಅಂಚು ಮೀರಿ ಚೆಲ್ಲುವಷ್ಟು ತುಂಬಿಸಿದರು.

ಈಗ ಇಂಗ್ಲಿಷಿನಲ್ಲಿ ಹೇಳಬೇಕಿತ್ತು. ಉಪನ್ಯಾಸವೆಲ್ಲ ಮರೆತುಹೋಗಿತ್ತು, ಇದ್ದದ್ದನ್ನು ಇದ್ದಂತೆ ಹೇಳಿದೆ. ವೈನು ಯಾವ ಲೋಟದಲ್ಲೂ ಇಲ್ಲ, ಇರದಿರುವುದು ಈ ಬ್ಯಾರಿಗಳಿಗಾಗಿ ಮತ್ತು ಈ ಅತ್ತೆಗಾಗಿ, ಎಲ್ಲರೂ ಒಂದೇ ಪಾತ್ರೆಯಿಂದ ಕುಡಿಯಲೆಂದು ಹೆಲ್ಗಾ ಎರಡನೆಯದನ್ನು ಇಡಲಿಲ್ಲ, ನಿಮ್ಮ ಮೇಲಿನ ಗೌರವ ಕಡಿಮೆಯೆಂದಲ್ಲ. ಇನ್ನು ಅತ್ತೆ ಅಂದದ್ದು ಬೇರೆ ವೈನು. ಪೀಟರ್ ಕೂತರು. ಈಗ ಅವರ ಕಿವಿ ಕೆಂಪಗಾಗುವ ಸರದಿ. ಮೊದಲು ನಕ್ಕದ್ದು ಮಾರ್ಗರೆಟ್. ಆ ನಗೆ ಅಷ್ಟು ಹೊತ್ತು ಎಲ್ಲಿ ಅಡಗಿತ್ತೋ, ಕುರ್ಚಿಯ ತುದಿಯಿಂದ ಹಿಂದಕ್ಕೆ ಒರಗಿಬೀಳುವಷ್ಟು ನಕ್ಕರು. ಕಣ್ಣೊರೆಸಿಕೊಂಡು, "ಇನ್ನೊಮ್ಮೆ ಹೇಳಿಸಿ" ಎಂದರು. ಅತ್ತೆ ಪಾಠ ಹೇಳುವವರಂತೆ ಬಿಡಿಸಿ ಹೇಳಿದರು: "ವೈ-ನಾ-ಗಿ-ದೆ."

"ವಿಮಾನದಲ್ಲಿ ಬರುವಾಗ ನಾನು ನಿಮಗೆ ಹೇಳಲೆಂದು ಏನೇನೋ ಬಾಯಿಪಾಠ ಮಾಡಿಕೊಂಡಿದ್ದೆ" ಎಂದರು ಮಾರ್ಗರೆಟ್, ಹೆಲ್ಗಾರಿಗೆ. "ನಿಮ್ಮನ್ನು ನೋಡಿದೊಡನೆ ಎಲ್ಲ ಹೋಯಿತು. 'ತುಂಬಾ ಚೆನ್ನಾಗಿದೆ' ಎಂಬುದೊಂದು ಉಳಿಯಿತು."

"ನನಗೆ 'ಧನ್ಯವಾದ' ಮಾತ್ರ ಉಳಿದಿತ್ತು" ಎಂದರು ಹೆಲ್ಗಾ.

ಆಗ ನಾನು ತಡೆಯಲಾರದೆ ಅವರಿಬ್ಬರಿಗೂ ಬೀಗರೆಂಬ ಶಬ್ದವನ್ನು ದಾನ ಮಾಡಿದೆ. ನಮ್ಮಲ್ಲಿ ಬೀಗವೆಂದರೆ ಬಾಗಿಲಿಗೆ ಹಾಕುವುದು, ಬೀಗುವುದೆಂದರೆ ಹೆಮ್ಮೆಯಿಂದ ಉಬ್ಬುವುದು, ಬೀಗರೆಂದರೆ ನೀವು. ಮೂರಕ್ಕೂ ಏನು ನಂಟೋ ಪಂಡಿತರು ಹೇಳಬೇಕು, ನನ್ನ ಮಟ್ಟಿಗೆ ಬೀಗರೆಂದರೆ ಒಳಗೊಳಗೆ ಬೀಗುತ್ತ ಹೊರಗೆ ಬೀಗ ಹಾಕಿಕೊಂಡು ಕೂತವರು ಎಂದೆ. ಕೀಲಿಕೈ ಯಾರ ಸೆರಗಿನಲ್ಲಿ ಇರುತ್ತದೋ ಮೊದಲೇ ತಿಳಿಯುವುದಿಲ್ಲ. ವಾರವೆಲ್ಲ ನಾನು ಚಿನ್ನದ ಕೀಲಿಕೈ ಎರಕ ಹೊಯ್ಯುತ್ತಿದ್ದೆ. ಬಾಗಿಲು ತೆರೆದದ್ದು ಯಾರೂ ಅನುವಾದಿಸಿಕೊಳ್ಳಲಾರದ ನಮ್ಮ ಸೀಮೆಯ ಒಂದು ತಪ್ಪುಕೇಳಿದ ಮಾತು. ಸರಿಯಾಗಿ ವಿವರಿಸಿದ್ದರೆ ಆ ಸಂಜೆ ಎಲ್ಲರೂ ತಿಳಿದುಕೊಂಡು ಮನೆಗೆ ಹೋಗುತ್ತಿದ್ದರು. ವಿವರಣೆ ಕೆಟ್ಟದ್ದರಿಂದ ಉಳಿದುಕೊಂಡರು. ಪಾತ್ರೆ ಬರಿದಾಯಿತು, ತಳದ ಲವಂಗವನ್ನು ಅತ್ತೆ ಕೆಮ್ಮಿಗೆಂದು ಕಟ್ಟಿಕೊಂಡರು.

ಮರುವರ್ಷದ ಡಿಸೆಂಬರಿನಲ್ಲಿ ಹೆಲ್ಗಾರ ಊರಿನಲ್ಲಿ ಮದುವೆಯಾಯಿತು. ನಮಗೆ ಹೋಗಲಾಗಲಿಲ್ಲ, ಫೋನಿನಲ್ಲಿ ತೋರಿಸಿದರು. ನಾನು, ಸುಧಾ, ಉಮ್ಮರ್ ಬ್ಯಾರಿಗಳು ಸೀಬ್‌ನ ನಮ್ಮ ಮನೆಯಲ್ಲಿ ಒಂದು ಪರದೆಯ ಮುಂದೆ. ಅತ್ತೆ ನಂಜನಗೂಡಿನಲ್ಲಿ ಇನ್ನೊಂದರ ಮುಂದೆ. ಅಲ್ಲಿ ಚೌಕದಲ್ಲಿ ಹಿಮ ಬೀಳುತ್ತಿತ್ತು. ಹೆಲ್ಗಾ ದೊಡ್ಡ ಪಾತ್ರೆಯಿಂದ ಬಡಿಸುತ್ತಿದ್ದರು, ಈ ಸಲ ಅಸಲು ವೈನಿನದು. ಮಾರ್ಗರೆಟ್ ಒಂದು ಗುಟುಕು ಕುಡಿದು, ಕ್ಯಾಮರಾದ ಕಡೆ ಲೋಟ ಎತ್ತಿ, ನಿಧಾನವಾಗಿ, ಒಂದಕ್ಷರವೂ ಬಿಡದೆ ಹೇಳಿದರು: "ವೈನಾಗಿದೆ!"

"ಈಗ ಹೇಳಿದ್ದು ಎರಡೂ ಲೆಕ್ಕದಲ್ಲಿ ಸರಿ ಉಂಟು" ಎಂದರು ಬ್ಯಾರಿಗಳು.

"ಉಚ್ಚಾರ ಪರವಾಗಿಲ್ಲ" ಎಂದರು ಅತ್ತೆ. ಪರದೆಯಲ್ಲಿ ಅವರನ್ನು ನೋಡಿದೆ. ಅಲ್ಲೂ ಚಳಿಯಿರಬೇಕು, ಶಾಲು ಹೊದ್ದಿದ್ದರು. ಕಾಫಿ ಲೋಟಕ್ಕೆ ಸೆರಗು ಸುತ್ತಿ, ಅದನ್ನು ಎರಡೂ ಅಂಗೈಗಳ ನಡುವೆ, ಗೂಡಿನಿಂದ ಬಿದ್ದ ಹಕ್ಕಿಮರಿಯನ್ನು ಎತ್ತಿಕೊಂಡಂತೆ ಹಿಡಿದಿದ್ದರು.

"ಇದ್ಯಾವಾಗಿನಿಂದ ಅತ್ತೆ?" ಎಂದೆ.

"ಕೈ ಬೆಚ್ಚಗಿರುತ್ತೆ ಕಣೋ" ಎಂದು, ಲೋಟದ ಅಂಚಿಗೆ ತುಟಿಯಿಟ್ಟು ಕುಡಿದರು.